58 ತುಂಬಿದ ಮೇಲೂ ಕೆಲಸದಲ್ಲಿದ್ದರೆ ಪಿಎಫ್, ಪಿಂಚಣಿ, ಇಎಸ್‌ಐ ವಂತಿಗೆಗಳ ಗತಿಯೇನು?

ಪ್ರಶ್ನೆ: ಶಿವಮೊಗ್ಗದ ಹೊರವಲಯದ ಖಾಸಗಿ ಫೌಂಡ್ರಿಯೊಂದರಲ್ಲಿ ನಾನು 1998ರ ಸೆಪ್ಟೆಂಬರ್‌ನಿಂದ ಕೆಲಸ ಮಾಡುತ್ತಿದ್ದೇನೆ. 2024ರ ಆಗಸ್ಟ್ ಕೊನೆಗೆ ನನಗೆ 58 ವರ್ಷ ತುಂಬಿತು. ಮೌಲ್ಡಿಂಗ್ ವಿಭಾಗದ ಕೆಲಸ ಬಲ್ಲವರು ಸಿಗುವುದಿಲ್ಲವೆಂದು ಮಾಲೀಕರು ನನ್ನನ್ನು ಮುಂದುವರಿಸಿದ್ದಾರೆ. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 16,800 ರೂಪಾಯಿ, ಒಟ್ಟು ಸಂಬಳ 20,400 ರೂಪಾಯಿ ಇದೆ. ಪಿಎಫ್‌ಗೆಂದು 1,800 ರೂಪಾಯಿ ಮೊದಲಿನಂತೆಯೇ ಕಡಿತವಾಗುತ್ತಿದೆ, ಇಎಸ್‌ಐ ಕೂಡ ಹಿಡಿಯುತ್ತಿದ್ದಾರೆ. 58ರ ನಂತರ ಇವನ್ನೆಲ್ಲ ಕಟ್ಟಬೇಕೇ? ಪಾಸ್‌ಬುಕ್ಕಿನಲ್ಲಿ ಪಿಂಚಣಿಯ ಕಡೆಗೆ ತಿಂಗಳಿಗೆ 1,250 ರೂಪಾಯಿ ಇನ್ನೂ ಹೋಗುತ್ತಿರುವುದು ಕಾಣುತ್ತಿದೆ, ಇದರಿಂದ ನನ್ನ ಪಿಂಚಣಿ ಹೆಚ್ಚುತ್ತದೆಯೇ? ಪಿಂಚಣಿಯನ್ನು ಈಗಲೇ ತೆಗೆದುಕೊಳ್ಳಬಹುದೇ, 60ರವರೆಗೆ ಕಾಯುವುದು ಒಳ್ಳೆಯದೇ? ನನ್ನ ಜೊತೆಯಲ್ಲೇ ಇದ್ದು ನಿವೃತ್ತರಾದ ಸ್ನೇಹಿತರೊಬ್ಬರು ತೀರ್ಥಹಳ್ಳಿಯ ಕಡೆ ಅಡಿಕೆ ಸಂಸ್ಕರಣಾ ಘಟಕವೊಂದಕ್ಕೆ ಸೇರಿದ್ದಾರೆ. ಅವರಿಗೆ ಪಿಎಫ್ ಹಿಡಿಯುತ್ತಲೇ ಇಲ್ಲ. ಇದು ಸರಿಯೇ?

ಉತ್ತರ: ತಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆ 1,250 ರೂಪಾಯಿ. ತಾವು ಅದನ್ನು ಪಾಸ್‌ಬುಕ್ಕಿನಲ್ಲಿ ಗಮನಿಸಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ 58 ದಾಟಿ ದುಡಿಯುತ್ತಿರುವ ಎಷ್ಟೋ ಕಾರ್ಮಿಕರ ಹಣ ಇದೇ ಜಾಗದಲ್ಲಿ ಯಾರ ಗಮನಕ್ಕೂ ಬಾರದೆ ತಪ್ಪು ಖಾತೆಗೆ ಸೇರುತ್ತಿರುತ್ತದೆ. ಆದರೆ ಅದನ್ನು ಬಿಡಿಸಿ ಹೇಳುವ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಸಂಬಳ ಚೀಟಿಯಲ್ಲಿ ‘ಪಿಎಫ್’ ಎಂಬ ಒಂದೇ ಹೆಸರಿನಲ್ಲಿ ಕಾಣುವ ಕಡಿತದ ಹಿಂದೆ ಮೂರು ಬೇರೆ ಬೇರೆ ಯೋಜನೆಗಳಿವೆ: 1952ರ ಭವಿಷ್ಯ ನಿಧಿ ಯೋಜನೆ, 1976ರ ಠೇವಣಿ ಜೋಡಿತ ವಿಮಾ ಯೋಜನೆ, 1995ರ ನೌಕರರ ಪಿಂಚಣಿ ಯೋಜನೆ. ಇವುಗಳಿಗೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಸೇರಿದರೆ ನಾಲ್ಕಾಯಿತು. ಒಂದೇ ನಾಲೆಯ ನೀರು ನಾಲ್ಕು ತೂಬುಗಳಲ್ಲಿ ಹರಿಯುವಂತೆ ತಮ್ಮ ಮತ್ತು ಮಾಲೀಕರ ಹಣ ಈ ನಾಲ್ಕು ಕಡೆಗೆ ಹರಿಯುತ್ತದೆ. 58 ತುಂಬಿದ ದಿನ ಮುಚ್ಚಬೇಕಾದದ್ದು ಇವುಗಳಲ್ಲಿ ಪಿಂಚಣಿಯ ತೂಬು ಒಂದೇ. ಉಳಿದ ಮೂರೂ ತೆರೆದೇ ಇರಬೇಕು. ‘58 ಆಯಿತು, ಇನ್ನು ಪಿಎಫ್ ಇಲ್ಲ’ ಎಂದು ಹೇಳುವ ಮಾಲೀಕರೂ, ‘ಕೆಲಸದಲ್ಲಿದ್ದಾರೆ, ಎಲ್ಲವನ್ನೂ ಮೊದಲಿನಂತೆ ಕಟ್ಟೋಣ’ ಎಂದು ಮುಂದುವರಿಸುವ ಲೆಕ್ಕಿಗರೂ ತಪ್ಪುವುದು ಇಲ್ಲಿಯೇ.

ಮೊದಲು ಭವಿಷ್ಯ ನಿಧಿಯ ಮಾತು. ಈ ಯೋಜನೆಯಲ್ಲಿ ಸದಸ್ಯತ್ವಕ್ಕೆ ಗರಿಷ್ಠ ವಯಸ್ಸೆಂಬುದು ಇಲ್ಲ. ಸದಸ್ಯರಾಗಿರುವವರು ಯೋಜನೆಗೆ ಒಳಪಟ್ಟ ಸಂಸ್ಥೆಯಲ್ಲಿ ಎಷ್ಟು ವರ್ಷ ದುಡಿಯುತ್ತಾರೋ ಅಷ್ಟು ವರ್ಷವೂ, 60 ಆಗಲಿ 65 ಆಗಲಿ, ವಂತಿಗೆ ಸಲ್ಲಬೇಕು. ತಮ್ಮ ಪಾಲು 12 ಪ್ರತಿಶತ, ಮಾಲೀಕರ ಪಾಲು 12 ಪ್ರತಿಶತ. ಕಡ್ಡಾಯ ವಂತಿಗೆಯನ್ನು ತಿಂಗಳಿಗೆ 15,000 ರೂಪಾಯಿ ವೇತನದ ಮಿತಿಯೊಳಗೆ ಲೆಕ್ಕ ಹಾಕಲು ಅವಕಾಶವಿರುವುದರಿಂದ ತಮ್ಮ ಕಡಿತ 1,800 ರೂಪಾಯಿಯಲ್ಲಿ ನಿಂತಿದೆ. ತಮ್ಮ ಮೂಲವೇತನ 16,800 ಆಗಿದ್ದರೂ ಇದು ಕಾನೂನಿಗೆ ವಿರುದ್ಧವಲ್ಲ. ಆದ್ದರಿಂದ 58ರ ನಂತರವೂ ತಮ್ಮಿಂದ 1,800 ಹಿಡಿಯುತ್ತಿರುವುದು ಸರಿ, ಮಾಲೀಕರು ಅವರ ಪಾಲಿನ 1,800ನ್ನು ಸೇರಿಸಿ ಕಟ್ಟಲೇಬೇಕಾದದ್ದೂ ಸರಿ. ಇದು ತಮಗೆ ಹೊರೆಯೆಂದು ಭಾವಿಸಬೇಡಿ. 2024-25ನೇ ಸಾಲಿಗೆ ಈ ಖಾತೆಗೆ ಸಿಕ್ಕ ಬಡ್ಡಿ 8.25 ಪ್ರತಿಶತ, ಅದರ ಜೊತೆಗೆ ತಾವು ಹಾಕಿದಷ್ಟೇ ಹಣವನ್ನು ಮಾಲೀಕರೂ ಹಾಕುತ್ತಾರೆ. ಈ ವಯಸ್ಸಿನಲ್ಲಿ ಇಂತಹ ಉಳಿತಾಯ ಬೇರೆಲ್ಲೂ ದೊರೆಯುವುದಿಲ್ಲ.

ಈಗ ಮಾಲೀಕರ ಪಾಲಿನ 1,800 ರೂಪಾಯಿಯನ್ನು ಹತ್ತಿರದಿಂದ ನೋಡೋಣ. 58 ತುಂಬುವವರೆಗೆ ಅದರಲ್ಲಿ 8.33 ಪ್ರತಿಶತದ ಭಾಗ, ಅಂದರೆ 15,000ಕ್ಕೆ 1,250 ರೂಪಾಯಿ, ಪಿಂಚಣಿ ನಿಧಿಗೆ ಹೋಗುತ್ತದೆ. ಉಳಿದ 550 ರೂಪಾಯಿ ಮಾತ್ರ ತಮ್ಮ ಪಿಎಫ್ ಖಾತೆಗೆ ಬರುತ್ತದೆ. 58 ತುಂಬಿದ ಕೂಡಲೇ ಪಿಂಚಣಿ ಯೋಜನೆಯ ಸದಸ್ಯತ್ವ ಮುಗಿಯುತ್ತದೆ. ಅಂದಿನಿಂದ ಮಾಲೀಕರ 1,800 ರೂಪಾಯಿಯೂ ಇಡಿಯಾಗಿ ಪಿಎಫ್ ಖಾತೆಗೇ ಸೇರಬೇಕು. ಅಂದರೆ ತಿಂಗಳಿಗೆ ತಮ್ಮ ಖಾತೆಗೆ ಬರಬೇಕಾದದ್ದು 3,600 ರೂಪಾಯಿ, ಬರುತ್ತಿರುವುದು 2,350 ರೂಪಾಯಿ. 2024ರ ಸೆಪ್ಟೆಂಬರ್‌ನಿಂದ 2025ರ ಡಿಸೆಂಬರ್‌ವರೆಗಿನ ಹದಿನಾರು ತಿಂಗಳನ್ನಷ್ಟೇ ತೆಗೆದುಕೊಂಡರೂ 20,000 ರೂಪಾಯಿ ಬೇರೆ ಖಾತೆಗೆ ಹೋಗಿದೆ, ಅದರ ಮೇಲಿನ ಬಡ್ಡಿ ಬೇರೆ.

ಈ ಹಣದಿಂದ ಪಿಂಚಣಿ ಹೆಚ್ಚುತ್ತದೆಯೇ ಎಂದು ಕೇಳಿದ್ದೀರಿ. ತಾನಾಗಿ ಹೆಚ್ಚುವುದಿಲ್ಲ. 58ರ ನಂತರದ ವಂತಿಗೆ ಪಿಂಚಣಿಯ ಲೆಕ್ಕಕ್ಕೆ ಬರುವುದು ಒಂದೇ ಒಂದು ಸಂದರ್ಭದಲ್ಲಿ: ಪಿಂಚಣಿಯನ್ನು 60ರವರೆಗೆ ಮುಂದೂಡುತ್ತೇನೆ, ಅಲ್ಲಿಯವರೆಗೆ ಪಿಂಚಣಿ ವಂತಿಗೆಯನ್ನೂ ಮುಂದುವರಿಸುತ್ತೇನೆ ಎಂದು ಸದಸ್ಯರು ಆಯ್ಕೆ ಮಾಡಿಕೊಂಡಾಗ. ಈ ಅವಕಾಶ 2016ರ ಏಪ್ರಿಲ್‌ನ ತಿದ್ದುಪಡಿಯಿಂದ ಬಂದದ್ದು. ತಾವು ಅಂತಹ ಆಯ್ಕೆಯ ಪತ್ರಕ್ಕೆ ಸಹಿ ಹಾಕಿದ ನೆನಪಿದೆಯೇ ಎಂದು ಮೊದಲು ಯೋಚಿಸಿ. ಹಾಕಿಲ್ಲವಾದರೆ, ಕಚೇರಿಯಲ್ಲಿ ತಿಂಗಳ ವಿವರಪಟ್ಟಿ ತುಂಬುವವರು ತಮ್ಮ ಹುಟ್ಟಿದ ದಿನಾಂಕವನ್ನು ಗಮನಿಸದೆ ಹಿಂದಿನ ತಿಂಗಳ ಅಂಕಿಗಳನ್ನೇ ಮತ್ತೆ ಹಾಕುತ್ತಾ ಬಂದಿದ್ದಾರೆಂದೇ ಅರ್ಥ. ಇದರಲ್ಲಿ ದುರುದ್ದೇಶ ಇರಬೇಕೆಂದೇನೂ ಇಲ್ಲ. ಮಾಲೀಕರು ಒಟ್ಟು ಕಟ್ಟುವ ಮೊತ್ತ ಎರಡೂ ರೀತಿಯಲ್ಲಿ 1,800 ರೂಪಾಯಿಯೇ ಆದ್ದರಿಂದ ಅವರಿಗೆ ಇದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಹಾಗಾಗಿಯೇ ಇದು ಅವರ ಕಣ್ಣಿಗೆ ಬೀಳುವುದಿಲ್ಲ. ನಷ್ಟ ಆಗುವುದು ತಮಗೊಬ್ಬರಿಗೇ, ಆದ್ದರಿಂದ ಕೇಳಬೇಕಾದವರೂ ತಾವೇ.

ಕೇಳುವ ಕ್ರಮ ಹೀಗಿರಲಿ. ಪಾಸ್‌ಬುಕ್ಕಿನ ಆ ತಿಂಗಳುಗಳ ಪುಟಗಳನ್ನು ಮುದ್ರಿಸಿಕೊಂಡು, ಹುಟ್ಟಿದ ದಿನಾಂಕದ ದಾಖಲೆಯ ಪ್ರತಿಯೊಂದಿಗೆ, ಮಾಲೀಕರಿಗೆ ಲಿಖಿತ ಅರ್ಜಿ ಕೊಡಿ. 58 ತುಂಬಿದ ತಿಂಗಳ ನಂತರ 10ನೇ ಖಾತೆಗೆ, ಅಂದರೆ ಪಿಂಚಣಿ ನಿಧಿಗೆ, ತಪ್ಪಾಗಿ ಸಂದಾಯವಾದ ಮೊತ್ತವನ್ನು 1ನೇ ಖಾತೆಯಾದ ಭವಿಷ್ಯ ನಿಧಿಗೆ ವರ್ಗಾಯಿಸುವಂತೆ ಪಿಎಫ್ ಕಚೇರಿಗೆ ಪತ್ರ ಬರೆಯಬೇಕು, ಮುಂದಿನ ತಿಂಗಳಿನಿಂದ ಪಿಂಚಣಿ ವೇತನದ ಅಂಕಣದಲ್ಲಿ ಸೊನ್ನೆ ತೋರಿಸಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಕೋರಿ. ಖಾತೆಗಳ ಸಂಖ್ಯೆಯನ್ನು ಬರೆದರೆ ಲೆಕ್ಕಿಗರಿಗೆ ಕೂಡಲೇ ಅರ್ಥವಾಗುತ್ತದೆ. ಅರ್ಜಿಯ ನಕಲಿನ ಮೇಲೆ ಸ್ವೀಕೃತಿಯ ಸಹಿ ಪಡೆಯುವುದನ್ನು ಮರೆಯಬೇಡಿ. ಒಂದೆರಡು ತಿಂಗಳಲ್ಲಿ ಏನೂ ಆಗದಿದ್ದರೆ ಶಿವಮೊಗ್ಗದ ಪಿಎಫ್ ಪ್ರಾದೇಶಿಕ ಕಚೇರಿಗೆ ನೇರವಾಗಿ ದೂರು ಕೊಡಬಹುದು, ಪಿಎಫ್ ಸಂಘಟನೆಯ ಆನ್‌ಲೈನ್ ದೂರು ವ್ಯವಸ್ಥೆಯಲ್ಲೂ ದಾಖಲಿಸಬಹುದು. ಪ್ರತಿ ತಿಂಗಳ 27ರಂದು ‘ನಿಧಿ ಆಪ್ಕೆ ನಿಕಟ್’ ಹೆಸರಿನಲ್ಲಿ ಜಿಲ್ಲೆ ಜಿಲ್ಲೆಗಳಲ್ಲಿ ನಡೆಯುವ ಅಹವಾಲು ಸಭೆಗೆ ಇಂತಹ ಪ್ರಕರಣಗಳನ್ನು ಒಯ್ದರೆ ಅಧಿಕಾರಿಗಳ ಮುಂದೆ ಕುಳಿತು ಕಾಗದಗಳನ್ನು ತೋರಿಸಿ ಮಾತನಾಡಲು ಸಾಧ್ಯವಾಗುತ್ತದೆ. ತಮ್ಮಂಥವರಿಗೆ ನಾನು ಹೆಚ್ಚಾಗಿ ಸೂಚಿಸುವುದು ಇದನ್ನೇ.

ಹುಟ್ಟಿದ ದಿನಾಂಕದ ವಿಷಯವಾಗಿ ಮಲೆನಾಡಿನ ಓದುಗರೆಲ್ಲರಿಗೂ ಒಂದು ಮಾತು ಹೇಳಬೇಕು. ನಮ್ಮ ಹಳ್ಳಿಗಳಲ್ಲಿ ಆ ತಲೆಮಾರಿನ ಅನೇಕರಿಗೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಜೂನ್ 1 ಎಂದು ಬರೆದದ್ದೇ ಹುಟ್ಟಿದ ದಿನವಾಗಿದೆ. ಆಧಾರ್‌ನಲ್ಲಿ ಒಂದು, ಶಾಲಾ ದಾಖಲೆಯಲ್ಲಿ ಇನ್ನೊಂದು, ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಮತ್ತೊಂದು ಇರುವುದೂ ಉಂಟು. 58 ಯಾವ ದಿನ ತುಂಬಿತು ಎಂಬುದರ ಮೇಲೆ ಪಿಂಚಣಿ ಆರಂಭದ ದಿನಾಂಕವೂ 1,250 ರೂಪಾಯಿಯ ದಾರಿಯೂ ನಿರ್ಧಾರವಾಗುವುದರಿಂದ, ಈ ವ್ಯತ್ಯಾಸವನ್ನು 58 ತುಂಬುವುದಕ್ಕೆ ಒಂದೆರಡು ವರ್ಷ ಮೊದಲೇ ಮಾಲೀಕರ ಜೊತೆಗಿನ ಜಂಟಿ ಘೋಷಣೆಯ ಮೂಲಕ ಸರಿಪಡಿಸಿಕೊಳ್ಳಬೇಕು. 2024ರ ಜನವರಿಯಿಂದ ಪಿಎಫ್ ಸಂಘಟನೆಯು ಹುಟ್ಟಿದ ದಿನಾಂಕದ ಪುರಾವೆಯಾಗಿ ಆಧಾರನ್ನು ಒಪ್ಪುತ್ತಿಲ್ಲ. ಜನನ ಪ್ರಮಾಣಪತ್ರ, ಶಾಲೆಯ ವರ್ಗಾವಣೆ ಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಹುಡುಕಿ ಇಟ್ಟುಕೊಳ್ಳಿ.

ಇನ್ನು ಪಿಂಚಣಿಯನ್ನು ಈಗಲೇ ತೆಗೆದುಕೊಳ್ಳುವುದೋ ಕಾಯುವುದೋ ಎಂಬ ಪ್ರಶ್ನೆ. 58 ತುಂಬಿದವರು ಕೆಲಸ ಬಿಡದೆಯೂ ಪಿಂಚಣಿ ಪಡೆಯಬಹುದು. ಸಂಬಳವೂ ಪಿಂಚಣಿಯೂ ಒಟ್ಟಿಗೆ ಬರುವುದಕ್ಕೆ ಯೋಜನೆಯಲ್ಲಿ ಅಡ್ಡಿಯಿಲ್ಲ. ಕೆಲಸ ಬಿಟ್ಟಿರಲೇಬೇಕೆಂಬ ಷರತ್ತು ಇರುವುದು 50ರಿಂದ 58ರ ನಡುವೆ ಕಡಿತದ ಪಿಂಚಣಿ ಪಡೆಯುವವರಿಗೆ ಮಾತ್ರ. ಕನಿಷ್ಠ 10 ವರ್ಷಗಳ ಅರ್ಹ ಸೇವೆ ಬೇಕು, ತಮಗೆ 26 ವರ್ಷವಾಗಿದೆ.

ತಮ್ಮ ಪಿಂಚಣಿ ಎಷ್ಟಾಗಬಹುದು ಎಂದು ಲೆಕ್ಕ ಹಾಕಿದ್ದೇನೆ. ಪಿಂಚಣಿ ವೇತನವನ್ನು, ಅಂದರೆ ಮಿತಿಯೊಳಗಿನ ಕೊನೆಯ 60 ತಿಂಗಳ ವೇತನದ ಸರಾಸರಿಯನ್ನು, ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು ಸೂತ್ರ. ವೇತನ ಮಿತಿ 2014ರ ಸೆಪ್ಟೆಂಬರ್ 1ರಂದು 6,500ರಿಂದ 15,000ಕ್ಕೆ ಏರಿದ್ದರಿಂದ, ಅದಕ್ಕೆ ಮೊದಲಿನ ಸೇವೆಯನ್ನು ಹಳೆಯ ಮಿತಿಯಲ್ಲೂ ನಂತರದ್ದನ್ನು ಹೊಸ ಮಿತಿಯಲ್ಲೂ ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತಾರೆ. ತಮ್ಮ ಮೊದಲ 16 ವರ್ಷಗಳಿಗೆ 6,500ರಂತೆ 1,486 ರೂಪಾಯಿ, ನಂತರದ 10 ವರ್ಷಗಳಿಗೆ 15,000ದಂತೆ 2,143 ರೂಪಾಯಿ, ಒಟ್ಟು 3,629 ರೂಪಾಯಿ. 20 ವರ್ಷ ಸೇವೆ ಪೂರೈಸಿದವರಿಗೆ ಎರಡು ವರ್ಷಗಳ ಸೇವೆ ಹೆಚ್ಚುವರಿಯಾಗಿ ಸೇರುವುದರಿಂದ ತಮ್ಮ ಪಿಂಚಣಿ ತಿಂಗಳಿಗೆ 3,900 ರೂಪಾಯಿಯ ಆಸುಪಾಸು ಆಗಬೇಕು. ಆ ವರ್ಷಗಳಲ್ಲಿ ತಮ್ಮ ವೇತನ ಈ ಮಿತಿಗಳಿಗಿಂತ ಕಡಿಮೆ ಇದ್ದಿದ್ದರೆ, ಕೊನೆಯ 60 ತಿಂಗಳ ಸರಾಸರಿ ಇಳಿದಷ್ಟೂ ಈ ಅಂಕಿ ಇಳಿಯುತ್ತದೆ.

ಮುಂದೂಡಿದರೆ 58ರ ನಂತರದ ಪ್ರತಿ ಪೂರ್ಣ ವರ್ಷಕ್ಕೆ 4 ಪ್ರತಿಶತದಂತೆ ಪಿಂಚಣಿ ಹೆಚ್ಚುತ್ತದೆ, ಗರಿಷ್ಠ ಎರಡು ವರ್ಷ. ವಂತಿಗೆ ಕಟ್ಟದೆ ಸುಮ್ಮನೆ ಮುಂದೂಡಿದರೆ 3,900ರ ಮೇಲೆ 312 ರೂಪಾಯಿ ಹೆಚ್ಚಾಗುತ್ತದೆ. ಅದಕ್ಕಾಗಿ ತಾವು ಬಿಟ್ಟುಕೊಡುವುದು 24 ತಿಂಗಳ ಪಿಂಚಣಿ, ಅಂದರೆ 93,600 ರೂಪಾಯಿ. ತಿಂಗಳಿಗೆ 312ರಂತೆ ಆ ಹಣ ಮರಳಿ ಬರಲು 300 ತಿಂಗಳು, ಅಂದರೆ 25 ವರ್ಷ ಬೇಕು. ತಮಗೆ ಆಗ 85 ಆಗಿರುತ್ತದೆ. ವಂತಿಗೆಯನ್ನೂ ಮುಂದುವರಿಸಿ ಮುಂದೂಡಿದರೆ ಲೆಕ್ಕ ಸ್ವಲ್ಪ ಉತ್ತಮ: ಎರಡು ವರ್ಷಗಳ ಸೇವೆ ಸೇರುವುದರಿಂದ 428 ರೂಪಾಯಿ, 8 ಪ್ರತಿಶತದ ಹೆಚ್ಚಳದಿಂದ 312 ರೂಪಾಯಿ, ಒಟ್ಟು ಸುಮಾರು 740 ರೂಪಾಯಿ ಹೆಚ್ಚುತ್ತದೆ. ಆದರೆ ಆಗ ಕೈಬಿಡುವ ಪಿಂಚಣಿಯ ಜೊತೆಗೆ ಪಿಎಫ್ ಖಾತೆಗೆ ಬರಬೇಕಾಗಿದ್ದ 30,000 ರೂಪಾಯಿಯೂ ಪಿಂಚಣಿ ನಿಧಿಗೆ ಹೋಗುತ್ತದೆ. 1,23,600 ರೂಪಾಯಿ ಮರಳಿ ಬರಲು ಸುಮಾರು 14 ವರ್ಷ, ಅಂದರೆ 74ರ ವಯಸ್ಸಿನವರೆಗೆ ಕಾಯಬೇಕು. ಈ ಎರಡೂ ಲೆಕ್ಕಗಳಲ್ಲಿ ನಾನು ಬಡ್ಡಿಯನ್ನು ಹಿಡಿದಿಲ್ಲ, ಹಿಡಿದರೆ ಕಾಯಬೇಕಾದ ಅವಧಿ ಇನ್ನೂ ಉದ್ದವಾಗುತ್ತದೆ.

ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ. ಬಿಸಿ ಲೋಹದ ಹೊಗೆಯಲ್ಲಿ, ಮರಳಿನ ಧೂಳಿನಲ್ಲಿ ಕಾಲು ಶತಮಾನ ದುಡಿದವರಿಗೆ 85ರವರೆಗೆ ಕಾದರೆ ಲಾಭವಾಗುವ ಆಯ್ಕೆಯನ್ನು ನಾನು ಸೂಚಿಸಲಾರೆ. ತಾವು ಪಿಂಚಣಿಯನ್ನು 58 ತುಂಬಿದ ಮಾರನೆಯ ದಿನದಿಂದಲೇ ಅನ್ವಯವಾಗುವಂತೆ ಕೇಳಿ, ಬಾಕಿಯನ್ನು ಒಟ್ಟಿಗೆ ಪಡೆದು, ಮುಂದೆ ಪ್ರತಿ ತಿಂಗಳು ಬರುವುದನ್ನು ಉಳಿತಾಯಕ್ಕೆ ಹಾಕುವುದೇ ಮೇಲು. ಪಿಂಚಣಿದಾರರು ತೀರಿಕೊಂಡ ಮೇಲೆ ಪತ್ನಿಗೆ ಸಲ್ಲುವುದು ಪಿಂಚಣಿಯ ಅರ್ಧ ಮಾತ್ರ ಎಂಬುದನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮುಂದೂಡಿ ಗಳಿಸಿದ 312 ರೂಪಾಯಿ ಅವರ ಕೈಗೆ ಬರುವಾಗ 156 ಆಗಿರುತ್ತದೆ, ಆದರೆ ಈಗಲೇ ಪಡೆದು ಉಳಿಸಿದ ಹಣ ಪೂರ್ತಿಯಾಗಿ ಅವರದೇ ಆಗಿರುತ್ತದೆ. ಮನೆತನದಲ್ಲಿ ದೀರ್ಘಾಯುಷಿಗಳಿದ್ದು, ಸಂಬಳದಲ್ಲೇ ಸಂಸಾರ ಸಲೀಸಾಗಿ ನಡೆಯುತ್ತಿದ್ದು, ಕೊನೆಯವರೆಗೂ ತಿಂಗಳ ಆದಾಯ ತುಸು ಹೆಚ್ಚಿರಲಿ ಎನ್ನುವವರು ವಂತಿಗೆ ಸಹಿತ ಮುಂದೂಡುವ ಆಯ್ಕೆಯನ್ನು ಯೋಚಿಸಬಹುದು. ವಂತಿಗೆಯಿಲ್ಲದೆ ಮುಂದೂಡುವುದು ಯಾರಿಗೂ ಹಿತವೆಂದು ನನಗೆ ಕಾಣುವುದಿಲ್ಲ.

ಇದೇ ಯೋಜನೆಯ ಇನ್ನೊಂದು ಮುಖ ಭದ್ರಾವತಿಯ ಕಡೆಯವರಿಗೆ ಹೆಚ್ಚಾಗಿ ಅನ್ವಯಿಸುತ್ತದೆ. ದೊಡ್ಡ ಕಾರ್ಖಾನೆಗಳಿಂದ ಸ್ವಯಂನಿವೃತ್ತಿ ಪಡೆದು, 50 ದಾಟಿದ ಕೂಡಲೇ ಕಡಿತದ ಪಿಂಚಣಿಗೆ ಅರ್ಜಿ ಹಾಕಿ, ನಂತರ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲೋ ಮತ್ತೆಲ್ಲೋ ಕೆಲಸಕ್ಕೆ ಸೇರಿದವರಿದ್ದಾರೆ. 58ಕ್ಕೆ ಎಷ್ಟು ವರ್ಷ ಕಡಿಮೆಯೋ ಅಷ್ಟು ವರ್ಷಕ್ಕೆ 4 ಪ್ರತಿಶತದಂತೆ ಅವರ ಪಿಂಚಣಿ ಶಾಶ್ವತವಾಗಿ ಇಳಿದಿರುತ್ತದೆ. ಇಂಥವರ ವಯಸ್ಸು 58ಕ್ಕಿಂತ ಕಡಿಮೆಯಿದ್ದರೂ, ಪಿಂಚಣಿದಾರರಾಗಿರುವುದರಿಂದ ಹೊಸ ಕೆಲಸದಲ್ಲಿ ಅವರ ಹೆಸರಿನಲ್ಲಿ ಪಿಂಚಣಿ ವಂತಿಗೆ ಕಟ್ಟುವಂತಿಲ್ಲ. ಮಾಲೀಕರ ಪೂರ್ತಿ 12 ಪ್ರತಿಶತ ಪಿಎಫ್ ಖಾತೆಗೇ ಹೋಗಬೇಕು. ಹೊಸ ಕಚೇರಿಗೆ ಸೇರುವಾಗ ತುಂಬುವ ಘೋಷಣಾ ಪತ್ರದಲ್ಲಿ ಪಿಂಚಣಿ ಪಡೆಯುತ್ತಿರುವ ವಿಷಯವನ್ನು ಮುಚ್ಚಿಡದೆ ಬರೆದರೆ ಈ ಗೊಂದಲ ಹುಟ್ಟುವುದೇ ಇಲ್ಲ.

ತಮ್ಮ ಸ್ನೇಹಿತರ ವಿಷಯಕ್ಕೆ ಬರೋಣ. ಅವರು 58ಕ್ಕೆ ನಿವೃತ್ತರಾಗಿ, ಫಾರಂ 19 ತುಂಬಿ, ಪಿಎಫ್ ಹಣವನ್ನೆಲ್ಲ ತೆಗೆದುಕೊಂಡಿದ್ದಾರೆಯೇ ಎಂದು ವಿಚಾರಿಸಿ. 55 ವರ್ಷದ ನಂತರ ನಿವೃತ್ತಿಯ ಕಾರಣದಿಂದ ಪೂರ್ತಿ ಹಣ ಹಿಂಪಡೆದವರನ್ನು ಯೋಜನೆಯು ‘ಹೊರತುಪಡಿಸಿದ ನೌಕರ’ ಎಂದು ಕರೆಯುತ್ತದೆ. ಅಂಥವರು ಮತ್ತೆ ಕೆಲಸಕ್ಕೆ ಸೇರಿದರೆ ಹೊಸ ಮಾಲೀಕರು ಪಿಎಫ್ ಕಟ್ಟುವುದು ಕಡ್ಡಾಯವಲ್ಲ. ಅವರ ಸಂಬಳ 15,000ಕ್ಕಿಂತ ಕಡಿಮೆಯಿದ್ದರೂ ಇದೇ ನಿಯಮ. ಆದರೆ ಹಣವನ್ನು ತೆಗೆಯದೆ ಖಾತೆಯಲ್ಲೇ ಬಿಟ್ಟಿದ್ದರೆ ಅವರು ಇನ್ನೂ ಸದಸ್ಯರು. ಆ ಘಟಕ ಪಿಎಫ್ ಕಾನೂನಿಗೆ ಒಳಪಟ್ಟಿದ್ದರೆ ಹೊಸ ಮಾಲೀಕರು ಮೊದಲ ದಿನದಿಂದಲೇ ವಂತಿಗೆ ಕಟ್ಟಬೇಕು. 58ರಲ್ಲಿ ನಿವೃತ್ತರಾದ ಇಬ್ಬರು ಒಂದೇ ದಿನ ಒಂದೇ ಘಟಕಕ್ಕೆ ಸೇರಿದರೂ, ಒಬ್ಬರಿಗೆ ಪಿಎಫ್ ಇದ್ದು ಮತ್ತೊಬ್ಬರಿಗೆ ಇಲ್ಲದಿರುವುದು ಹೀಗೆ ಸಾಧ್ಯ. ನಡುವಯಸ್ಸಿನಲ್ಲಿ ಕೆಲಸ ಬಿಟ್ಟು ಒಂದೆರಡು ತಿಂಗಳ ನಿರುದ್ಯೋಗದ ಕಾರಣಕ್ಕೆ ಹಣ ತೆಗೆದವರಿಗಾಗಲಿ, 55ಕ್ಕೆ ಮೊದಲೇ ಸ್ವಯಂನಿವೃತ್ತಿ ಯೋಜನೆಯಲ್ಲಿ ಹೊರಬಂದವರಿಗಾಗಲಿ ಈ ವಿನಾಯಿತಿ ಅನ್ವಯಿಸುವುದಿಲ್ಲ ಎಂಬುದನ್ನೂ ಗಮನಿಸಬೇಕು, ಏಕೆಂದರೆ ಎಷ್ಟೋ ಮಾಲೀಕರು ಹಣ ಹಿಂಪಡೆದವರೆಲ್ಲರನ್ನೂ ಒಂದೇ ಗುಂಪಿಗೆ ಸೇರಿಸಿಬಿಡುತ್ತಾರೆ. ಹೊರತುಪಟ್ಟವರೂ ಮಾಲೀಕರ ಒಪ್ಪಿಗೆಯೊಡನೆ ಜಂಟಿ ಕೋರಿಕೆ ಸಲ್ಲಿಸಿ ಮತ್ತೆ ಸದಸ್ಯರಾಗಬಹುದು.

ಘಟಕ ಕಾನೂನಿಗೆ ಒಳಪಟ್ಟಿದೆಯೇ ಎಂಬುದೂ ಮುಖ್ಯ. ಸಾಮಾನ್ಯವಾಗಿ 20 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗೆ ಪಿಎಫ್ ಅನ್ವಯಿಸುತ್ತದೆ. ಅಡಿಕೆಯ ಕಾಲದಲ್ಲಿ ಸುಲಿಯಲು, ಆರಿಸಲು, ಮೂಟೆ ಕಟ್ಟಲು ಗುತ್ತಿಗೆದಾರರ ಮೂಲಕ ಬರುವವರನ್ನೂ ಈ ಎಣಿಕೆಗೆ ಸೇರಿಸಬೇಕಾಗುತ್ತದೆ. ಕಚೇರಿಯ ಹಾಜರಿ ಪುಸ್ತಕದಲ್ಲಿ ಏಳೆಂಟು ಹೆಸರಿದ್ದ ಮಾತ್ರಕ್ಕೆ ಕಾನೂನು ಅನ್ವಯಿಸುವುದಿಲ್ಲ ಎನ್ನಲಾಗದು. ಸಹಕಾರ ಸಂಘಗಳ ಬಗ್ಗೆ 1952ರ ಕಾನೂನಿನಲ್ಲಿ ಬೇರೆ ನಿಯಮವಿದೆ: 50ಕ್ಕಿಂತ ಕಡಿಮೆ ನೌಕರರಿದ್ದು ವಿದ್ಯುತ್ ಮುಂತಾದ ಯಂತ್ರಶಕ್ತಿಯ ನೆರವಿಲ್ಲದೆ ಕೆಲಸ ನಡೆಸುವ ಸಂಘಗಳಿಗೆ ಅದು ಅನ್ವಯಿಸದು.

ಮಾಲೀಕರು ಈ ವಯಸ್ಸಿನವರಿಗೆ ಸೂಚಿಸುವ ಇನ್ನೊಂದು ದಾರಿಯ ಬಗ್ಗೆ ಎಚ್ಚರಿಸಬೇಕು. ‘ನಿಮ್ಮನ್ನು ಸಲಹೆಗಾರರೆಂದು ತೋರಿಸುತ್ತೇವೆ, ಪಿಎಫ್ ಕಡಿತವಿಲ್ಲದೆ ಪೂರ್ತಿ ಹಣ ಕೈಗೆ ಬರುತ್ತದೆ’ ಎಂಬ ಮಾತು ಕೇಳಲು ಹಿತವಾಗಿರುತ್ತದೆ. ಆದರೆ ಅದೇ ಪಾಳಿ, ಅದೇ ಮೇಲ್ವಿಚಾರಕರು, ಅದೇ ಹಾಜರಿ ಇದ್ದರೆ ಕಾಗದದಲ್ಲಿ ಏನೇ ಬರೆದರೂ ಕಾನೂನಿನ ದೃಷ್ಟಿಯಲ್ಲಿ ಅದು ನೌಕರಿಯೇ. ತನಿಖೆ ನಡೆದರೆ ಬಾಕಿ ವಂತಿಗೆಯನ್ನು ವಾರ್ಷಿಕ 12 ಪ್ರತಿಶತ ಬಡ್ಡಿ ಮತ್ತು ದಂಡದೊಂದಿಗೆ ಕಟ್ಟಬೇಕಾದವರು ಮಾಲೀಕರು. ಕಾರ್ಮಿಕರಿಗಾಗುವ ನಷ್ಟ ಇದಕ್ಕಿಂತ ದೊಡ್ಡದು. ಮಾಲೀಕರ 1,800 ರೂಪಾಯಿ, ಇಎಸ್‌ಐ, ಗ್ರಾಚ್ಯುಟಿ, ಈಗ ಹೇಳಲಿರುವ ವಿಮೆ, ಈ ಎಲ್ಲವೂ ಒಂದು ಸಹಿಯೊಂದಿಗೆ ಕೈತಪ್ಪುತ್ತವೆ.

ಆ ವಿಮೆಯೇ 1976ರ ಠೇವಣಿ ಜೋಡಿತ ವಿಮಾ ಯೋಜನೆ. ಕಾರ್ಮಿಕರಲ್ಲಿ ಅನೇಕರಿಗೆ ಇದರ ಹೆಸರೇ ಗೊತ್ತಿಲ್ಲದಿರುವುದು ನೋವಿನ ಸಂಗತಿ. ಇದಕ್ಕೆ ತಮ್ಮ ಸಂಬಳದಿಂದ ಒಂದು ಪೈಸೆಯೂ ಕಡಿತವಾಗುವುದಿಲ್ಲ. ಮಾಲೀಕರು 15,000ದ ಮಿತಿಯಲ್ಲಿ 0.5 ಪ್ರತಿಶತ, ಅಂದರೆ ತಿಂಗಳಿಗೆ 75 ರೂಪಾಯಿ ಕಟ್ಟುತ್ತಾರೆ. 58 ದಾಟಿ ಪಿಂಚಣಿ ವಂತಿಗೆ ನಿಂತಿದ್ದರೂ, ಸದಸ್ಯರು ಕೆಲಸದಲ್ಲಿದ್ದು ಪಿಎಫ್ ಸಂದಾಯವಾಗುತ್ತಿರುವವರೆಗೂ ಇದನ್ನು ಕಟ್ಟಲೇಬೇಕು. ಕೆಲಸದಲ್ಲಿರುವಾಗಲೇ ಸದಸ್ಯರು ತೀರಿಕೊಂಡರೆ, ಅದು ಕಾರ್ಖಾನೆಯಲ್ಲಾಗಲಿ ಮನೆಯಲ್ಲಾಗಲಿ, ನಾಮನಿರ್ದೇಶಿತರಿಗೆ ಗರಿಷ್ಠ 7 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಕೊನೆಯ 12 ತಿಂಗಳು ನಿರಂತರವಾಗಿ ಕೆಲಸದಲ್ಲಿದ್ದವರ ಕುಟುಂಬಕ್ಕೆ ಕನಿಷ್ಠ ಮೊತ್ತ ಎರಡೂವರೆ ಲಕ್ಷ. 59ನೇ ವಯಸ್ಸಿನಲ್ಲಿ ಹೊರಗೆ ಇಂತಹ ವಿಮೆ ಕೊಳ್ಳಲು ಹೋದರೆ ಎಷ್ಟು ಕಂತು ಕಟ್ಟಬೇಕಾಗುತ್ತದೆ ಎಂದು ಒಮ್ಮೆ ವಿಚಾರಿಸಿ ನೋಡಿ. ತಮ್ಮ ಯುಎಎನ್ (ಪಿಎಫ್‌ನ ಏಕೀಕೃತ ಖಾತೆ ಸಂಖ್ಯೆ) ಖಾತೆಯಲ್ಲಿ ಪತ್ನಿಯ ಹೆಸರು ಇ-ನಾಮನಿರ್ದೇಶನದಲ್ಲಿ ಇದೆಯೇ ಎಂದು ಇಂದೇ ಪರಿಶೀಲಿಸಿ.

ಇಎಸ್‌ಐಗೂ ವಯಸ್ಸಿನ ಮಿತಿಯಿಲ್ಲ, ವೇತನದ ಮಿತಿ ಮಾತ್ರ ಇದೆ. ತಿಂಗಳಿಗೆ 21,000 ರೂಪಾಯಿವರೆಗಿನ ವೇತನದವರು ಇದರೊಳಗೆ ಬರುತ್ತಾರೆ. ತಮ್ಮ 20,400ಕ್ಕೆ 0.75 ಪ್ರತಿಶತದಂತೆ 153 ರೂಪಾಯಿ ತಮ್ಮ ಪಾಲು, 3.25 ಪ್ರತಿಶತದಂತೆ 663 ರೂಪಾಯಿ ಮಾಲೀಕರ ಪಾಲು. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂಬ ಎರಡು ವಂತಿಗೆ ಅವಧಿಗಳಿವೆ. ನಡುವೆ ಸಂಬಳ 21,000 ದಾಟಿದರೂ ಆ ಅವಧಿ ಮುಗಿಯುವವರೆಗೆ ವಂತಿಗೆ ಮತ್ತು ಸೌಲಭ್ಯ ಮುಂದುವರಿಯುತ್ತವೆ. ಕನಿಷ್ಠ ಐದು ವರ್ಷ ವಿಮಿತರಾಗಿದ್ದು ನಿವೃತ್ತಿ ವಯಸ್ಸಿನಲ್ಲಿ ಕೆಲಸ ಬಿಟ್ಟವರು ವರ್ಷಕ್ಕೆ 120 ರೂಪಾಯಿ ಮುಂಗಡವಾಗಿ ಕಟ್ಟಿ ತಮಗೂ ಸಂಗಾತಿಗೂ ವೈದ್ಯಕೀಯ ಸೌಲಭ್ಯ ಉಳಿಸಿಕೊಳ್ಳಬಹುದು. ಆದ್ದರಿಂದ ಕೆಲಸ ಬಿಡುವ ದಿನ ಮಾಲೀಕರಿಂದ ‘ನಿವೃತ್ತಿ’ ಎಂಬ ಕಾರಣವನ್ನೇ ನಮೂದಿಸಿದ ಪತ್ರ ಪಡೆಯಿರಿ. ‘ರಾಜೀನಾಮೆ’ ಎಂದು ಬರೆದುಕೊಟ್ಟರೆ ಈ ಸೌಲಭ್ಯ ಕೇಳುವಾಗ ತೊಡಕಾಗುತ್ತದೆ.

ಗ್ರಾಚ್ಯುಟಿ ವಂತಿಗೆಯ ಯೋಜನೆಯಲ್ಲವಾದರೂ ತಮ್ಮ ಪರಿಸ್ಥಿತಿಯಲ್ಲಿ ಅದನ್ನು ಬಿಡುವಂತಿಲ್ಲ. 58ಕ್ಕೆ ತಮ್ಮನ್ನು ‘ಮುಂದುವರಿಸಿದ್ದಾರೆಯೇ’ ಅಥವಾ ನಿವೃತ್ತಿಗೊಳಿಸಿ ಗ್ರಾಚ್ಯುಟಿ ಕೊಟ್ಟು ‘ಮರುನೇಮಕ ಮಾಡಿದ್ದಾರೆಯೇ’ ಎಂದು ಪತ್ರ ತೆಗೆದು ಓದಿ. ಮುಂದುವರಿಕೆಯಾದರೆ ಸೇವೆ ಅಖಂಡ, ಪ್ರತಿ ವರ್ಷಕ್ಕೂ ಕೊನೆಯ ವೇತನದ 26ರಲ್ಲಿ 15 ಭಾಗದಂತೆ, ತಮ್ಮ 16,800ಕ್ಕೆ 9,692 ರೂಪಾಯಿ ಸೇರುತ್ತಾ ಹೋಗುತ್ತದೆ. ಮರುನೇಮಕವಾದರೆ ಎಣಿಕೆ ಹೊಸದಾಗಿ ಆರಂಭವಾಗುತ್ತದೆ, ಸಾಮಾನ್ಯ ನೇಮಕವಾದರೆ ಮತ್ತೆ ಐದು ವರ್ಷ ಪೂರೈಸಬೇಕಾಗುತ್ತದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು ನಿಗದಿತ ಅವಧಿಯ ನೌಕರರಿಗೆ ಒಂದೇ ವರ್ಷದ ಸೇವೆಗೂ ಗ್ರಾಚ್ಯುಟಿಯ ಹಕ್ಕು ಕೊಟ್ಟಿದೆ. ಮರುನೇಮಕದ ಪತ್ರದಲ್ಲಿ ಅವಧಿ ಸ್ಪಷ್ಟವಾಗಿ ನಮೂದಾಗಿರುವುದು ಈಗ ತಮ್ಮಂಥವರಿಗೆ ಅನುಕೂಲ.

ಕೊಪ್ಪ, ಬಾಳೆಹೊನ್ನೂರು, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಕೆಲವು ವರ್ಷ, ನಂತರ ಬೇರೆಡೆ ಕೆಲವು ವರ್ಷ ದುಡಿದು 58 ಸಮೀಪಿಸುತ್ತಿರುವವರು, ಮುಖ್ಯವಾಗಿ ಮಹಿಳೆಯರು, ಹಳೆಯ ಪಿಎಫ್ ಸಂಖ್ಯೆಗಳನ್ನೆಲ್ಲ ಒಂದೇ ಯುಎಎನ್‌ಗೆ ಸೇರಿಸಿಕೊಳ್ಳುವುದನ್ನು ತಡಮಾಡಬಾರದು. ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯನ್ನು ಪೂರ್ಣ ವರ್ಷವೆಂದು ಎಣಿಸುವುದರಿಂದ ಒಟ್ಟು ಒಂಬತ್ತೂವರೆ ವರ್ಷವಾದರೂ 10 ವರ್ಷದ ಅರ್ಹತೆ ದೊರೆಯುತ್ತದೆ, ಕನಿಷ್ಠ 1,000 ರೂಪಾಯಿ ಪಿಂಚಣಿಯೂ ದೊರೆಯುತ್ತದೆ. ಸೇರಿಸದೆ ಬಿಟ್ಟರೆ ಎರಡು ತುಂಡು ಸೇವೆಗೆ ಎರಡು ಸಣ್ಣ ಹಿಂಪಡೆತದ ಮೊತ್ತ ಮಾತ್ರ ಸಿಗುತ್ತದೆ.

ತಾವು ಮುಂದೆ ಮಾಡಬೇಕಾದ ಕೆಲಸದ ಅನುಕ್ರಮ ಹೀಗಿರಲಿ. 1,250 ರೂಪಾಯಿಯ ತಿದ್ದುಪಡಿಗೆ ಮಾಲೀಕರಿಗೆ ಅರ್ಜಿ ಕೊಟ್ಟ ನಂತರವೇ ಪಿಂಚಣಿಗೆ ಫಾರಂ 10-ಡಿ ಸಲ್ಲಿಸಿ, ಏಕೆಂದರೆ 58ರ ನಂತರವೂ ಪಿಂಚಣಿ ವಂತಿಗೆ ಜಮೆಯಾಗಿರುವುದು ಕಡತದಲ್ಲಿ ಕಂಡರೆ ತಾವು ಮುಂದೂಡಿಕೆಯನ್ನು ಆರಿಸಿಕೊಂಡಿದ್ದೀರೋ ಇಲ್ಲವೋ ಎಂಬ ಆಕ್ಷೇಪ ಬಂದು ಅರ್ಜಿ ಹಿಂದಿರುಗಬಹುದು. ಫಾರಂನಲ್ಲಿ ಪಿಂಚಣಿ ಆರಂಭದ ದಿನಾಂಕವನ್ನು ಖಚಿತವಾಗಿ ಬರೆಯಿರಿ, ಮುಂದೂಡಿಕೆಯ ಆಯ್ಕೆ ಕೊಟ್ಟಿಲ್ಲವೆಂಬ ಸಾಲನ್ನು ಜೊತೆಗಿನ ಪತ್ರದಲ್ಲಿ ಸೇರಿಸಿ. ಪಿಂಚಣಿ ಆರಂಭವಾದ ಮೇಲೆ ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಕೊಡಬೇಕು. ಈ ಯೋಜನೆಯವರು ಅದಕ್ಕಾಗಿ ನವೆಂಬರ್ ತಿಂಗಳನ್ನೇ ಕಾಯಬೇಕಾಗಿಲ್ಲ, ಯಾವ ತಿಂಗಳಲ್ಲಿ ಕೊಟ್ಟರೂ ಅಂದಿನಿಂದ ಒಂದು ವರ್ಷ ಅದು ಊರ್ಜಿತವಾಗಿರುತ್ತದೆ.